ರಾಕ್ ಮೇಳಗಳೂ ಕಾರ್ಖಾನೆಯ ಕಿವಿಗಳೂ

ಬೆಂಗಳೂರಿನ ಅರಮನೆ ಮೈದಾನವು ನಾಲ್ಕು ವರ್ಷಗಳ ಅಂತರದಲ್ಲಿ ಮೂರು ದೊಡ್ಡ ಸಂಗೀತಸಭೆಗಳನ್ನು ಕಂಡಿತು. 2003ರ ಏಪ್ರಿಲ್ 4ರಂದು ಇಂಗ್ಲೆಂಡಿನ ‘ರೋಲಿಂಗ್ ಸ್ಟೋನ್ಸ್’ ಮೇಳವು ಅಲ್ಲಿ ಮಳೆಯ ನಡುವೆಯೇ ಹಾಡಿತು. 2005ರ ಏಪ್ರಿಲ್ 23ರಂದು ಸಿ. ಅಶ್ವಥ್ ಅವರು ‘ಕನ್ನಡವೇ ಸತ್ಯ’ ಎಂಬ ಹೆಸರಿನಲ್ಲಿ ನಮ್ಮ ಕವಿಗಳ ಗೀತೆಗಳನ್ನು ಹಾಡಿದರು; ಅಂದು ಲಕ್ಷದಷ್ಟು ಮಂದಿ ನೆರೆದಿದ್ದರೆಂದು ವರದಿಯಾಯಿತು. 2007ರ ಮಾರ್ಚ್ 17ರಂದು ಲಂಡನ್ನಿನ ಪೂರ್ವಭಾಗದಲ್ಲಿ ಹುಟ್ಟಿದ ‘ಐರನ್ ಮೇಡನ್’ ಮೇಳವು ಅದೇ ಮೈದಾನಕ್ಕೆ ಬಂದಿತು. ಭಾಷೆಯಲ್ಲಿ, ಮನೋಧರ್ಮದಲ್ಲಿ, ಸದ್ದಿನ ಪ್ರಮಾಣದಲ್ಲಿ ಈ ಮೂರಕ್ಕೂ ಅಜಗಜಾಂತರ. ಆದರೂ ಒಂದು ಸಂಗತಿ ಮೂರಕ್ಕೂ ಸಮಾನವಾಗಿತ್ತು. ಬಂದವರಲ್ಲಿ ಬಹುಮಂದಿಗೆ ಹಾಡುಗಳು ಮೊದಲೇ ಬಾಯಿಪಾಠವಾಗಿದ್ದವು. ಆ ರಾತ್ರಿಗಳಲ್ಲಿ ಹೊಸದಾಗಿ ಒಲಿದವರು ವಿರಳ. ಒಲಿದು ಎಷ್ಟೋ ವರ್ಷಗಳಾದವರು ಹರಕೆ ಒಪ್ಪಿಸುವವರಂತೆ ಅಲ್ಲಿಗೆ ಹೋಗಿದ್ದರು.

ಹಾಗಾದರೆ ಆ ಮೊದಲ ಒಲವು ಹುಟ್ಟಿದ್ದು ಎಲ್ಲಿ? ರೋಲಿಂಗ್ ಸ್ಟೋನ್ಸ್ ಹುಟ್ಟಿದ್ದು 1962ರಲ್ಲಿ. ನಮ್ಮ ಊರಿಗೆ ಬಂದಾಗ ಅದಕ್ಕೆ ನಲವತ್ತೊಂದು ವರ್ಷ. ‘ಡೀಪ್ ಪರ್ಪಲ್’ ಹುಟ್ಟಿದ್ದು 1968ರಲ್ಲಿ. ಬೆಂಗಳೂರಿನಲ್ಲಿ ನುಡಿಸಿದ್ದು 2001ರಲ್ಲಿ. ಸಂಗೀತಗಾರ ಬರುವುದಕ್ಕೆ ಒಂದು ತಲೆಮಾರು ಮೊದಲೇ ಸಂಗೀತ ಬಂದು ಮನೆಮಾಡಿತ್ತು. ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ, ಅದು ದಂಡುಪ್ರದೇಶದ ಇಂಗ್ಲಿಷ್ ಬಲ್ಲವರ ಗೀಳು ಎಂಬುದು. ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಆಚೆಗೆ ಅದಕ್ಕೆ ಬೇರಿಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಈ ಉತ್ತರ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಹುಡುಕಬೇಕಾದರೆ ಊರಿನ ಹೊರವಲಯಕ್ಕೆ ಹೋಗಬೇಕು: ವೈಟ್‌ಫೀಲ್ಡ್, ದೂರವಾಣಿನಗರ, ಜಾಲಹಳ್ಳಿ, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ. ಪೀಣ್ಯದ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬದುಕಿನ ಬಹುಭಾಗ ಕಳೆದವನಾದ್ದರಿಂದ ಆ ಕಡೆಯ ಕಿವಿಗಳ ಪರಿಚಯ ನನಗೆ ಸ್ವಲ್ಪ ಉಂಟು.

ಮುಂದುವರಿಯುವ ಮೊದಲು ಒಂದು ಮಾತು. ಬ್ಯಾಂಡು ಎಂದರೆ ದಾಸರಹಳ್ಳಿಯಲ್ಲಿಯೋ ಹೆಗ್ಗನಹಳ್ಳಿಯಲ್ಲಿಯೋ ಇಂದಿಗೂ ಮೊದಲು ನೆನಪಾಗುವುದು ಮದುವೆಯ ದಿಬ್ಬಣದ ಮುಂದೆ ಕೆಂಪು ಅಂಗಿ ತೊಟ್ಟು ಹೋಗುವ ಬ್ಯಾಂಡ್‌ಸೆಟ್ಟು. ನಾನು ಇಲ್ಲಿ ‘ಮೇಳ’ ಎನ್ನುತ್ತೇನೆ. ಯಕ್ಷಗಾನದ ಮೇಳಕ್ಕೂ ಇದಕ್ಕೂ ಹೋಲಿಕೆ ಇಲ್ಲದಿಲ್ಲ. ಭಾಗವತ, ಚೆಂಡೆ, ಮದ್ದಳೆಗಳ ಒಕ್ಕೂಟಕ್ಕೆ ಒಂದು ಹೆಸರಿದ್ದು, ಕಲಾವಿದರು ಬದಲಾದರೂ ಆ ಹೆಸರಿಗೆ ನಿಷ್ಠರಾದ ಪ್ರೇಕ್ಷಕರು ಇರುವುದು, ಯಾವ ಮೇಳ ಹೆಚ್ಚೆಂದು ರಾತ್ರಿಯಿಡೀ ವಾದಿಸುವುದು, ಇವೆಲ್ಲ ಕರಾವಳಿಯವರಿಗೆ ಹೊಸತಲ್ಲ.

ಈಗ ಮೇಳಗಳನ್ನೇ ಹೋಲಿಸಿ ನೋಡೋಣ. ಎಲ್ಲವೂ ಒಂದೇ ಬಾಗಿಲಿನಿಂದ ಒಳಗೆ ಬಂದವಲ್ಲ. ಲಿವರ್‌ಪೂಲಿನ ‘ಬೀಟಲ್ಸ್’ ಬಂದದ್ದು ಮುಖ್ಯವಾಗಿ ಕಣ್ಣಿನ ಬಾಗಿಲಿನಿಂದ. ಹ್ಯಾಂಬರ್ಗಿನ ರಾತ್ರಿಸಭೆಗಳಲ್ಲಿ ಗಂಟೆಗಟ್ಟಲೆ ನುಡಿಸಿ ಪಳಗಿದವರಾದರೂ, 1964ರ ಫೆಬ್ರವರಿ 9ರಂದು ಅಮೆರಿಕದ ದೂರದರ್ಶನದಲ್ಲಿ ಕಾಣಿಸಿಕೊಂಡಾಗ ಅವರನ್ನು ನೋಡಿದವರು ಸುಮಾರು 7 ಕೋಟಿ 30 ಲಕ್ಷ ಮಂದಿ. ಎರಡೂವರೆ ನಿಮಿಷದ ಹಾಡು, ನಾಲ್ಕು ನಗುಮುಖ, ಒಂದೇ ತೆರನ ಕೇಶವಿನ್ಯಾಸ. ಮೊದಲ ನೋಟಕ್ಕೇ ಗೆದ್ದ ಸಂಗೀತ ಅದು. ಡೀಪ್ ಪರ್ಪಲ್ ಗೆದ್ದದ್ದು ಬೆರಳಿನ ಬಾಗಿಲಿನಿಂದ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್‌ಲೆಂಡಿನ ಮಾಂತ್ರೋ ಪಟ್ಟಣದ ಸಭಾಗೃಹಕ್ಕೆ ಕಛೇರಿಯ ನಡುವೆ ಬೆಂಕಿ ಬಿದ್ದು, ಹೊಗೆ ಸರೋವರದ ಮೇಲೆ ಹರಡಿದ್ದನ್ನು ಕಂಡು ಅವರು ಕಟ್ಟಿದ ಹಾಡಿನ ಆರಂಭ ನಾಲ್ಕೇ ಸ್ವರಗಳ ಒಂದು ತುಣುಕು. ಗಿಟಾರನ್ನು ಜನ್ಮದಲ್ಲಿ ಮುಟ್ಟದವನೂ ಒಂದು ಸಂಜೆಯಲ್ಲಿ ಅದನ್ನು ಕಲಿಯಬಲ್ಲ. ಪಿಳ್ಳಾರಿ ಗೀತೆ ಕಲಿತ ಮಗುವಿಗೆ ಪುರಂದರದಾಸರು ಹತ್ತಿರವಾಗುವ ಹಾಗೆ, ಈ ನಾಲ್ಕು ಸ್ವರ ಕಲಿತ ಹುಡುಗನಿಗೆ ಇಡೀ ಮೇಳ ಹತ್ತಿರವಾಗುತ್ತದೆ.

‘ಪಿಂಕ್ ಫ್ಲಾಯ್ಡ್’ ಇದಕ್ಕೆ ತೀರ ವಿರುದ್ಧ. ಅದರಲ್ಲಿ ತಕ್ಷಣ ಹಿಡಿಯಲು ಏನೂ ಸಿಗದು. 1973ರ ಮಾರ್ಚಿಯಲ್ಲಿ ಹೊರಬಂದ ಅವರ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ಮುದ್ರಿಕೆಯಲ್ಲಿ ಎದೆಬಡಿತ, ಗಡಿಯಾರಗಳ ಗಲಭೆ, ನಾಣ್ಯಗಳ ಸದ್ದು ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ಕಂತುಕಂತಾಗಿ ಕೇಳಿದರೆ ಅದು ದಕ್ಕುವುದಿಲ್ಲ. ದೀಪ ಆರಿಸಿ ಮುಕ್ಕಾಲು ಗಂಟೆ ಕೂರಬೇಕು. ಒಬ್ಬ ಇನ್ನೊಬ್ಬನನ್ನು ಕೂರಿಸಿ ಕೇಳಿಸಿದ್ದರಿಂದಲೇ ಹಬ್ಬಿದ ಸಂಗೀತ ಅದು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 741 ವಾರ ಉಳಿದದ್ದು ಹಾಗೆ. ಒಮ್ಮೆಗೇ ಉಕ್ಕುವ ಹಾಲಿಗೂ ಕೆಂಡದ ಮೇಲೆ ಕಾಯುವ ಹಾಲಿಗೂ ಇರುವ ವ್ಯತ್ಯಾಸ ಇದು.

ಇನ್ನು ಐರನ್ ಮೇಡನ್. 1975ರಲ್ಲಿ ಸ್ಟೀವ್ ಹ್ಯಾರಿಸ್ ಎಂಬ ತರುಣ ಕಟ್ಟಿದ ಈ ಮೇಳ ಗೆದ್ದದ್ದು ಚಿತ್ರ ಮತ್ತು ಕಥೆಗಳಿಂದ. ಅವರ ಪ್ರತಿಯೊಂದು ಮುದ್ರಿಕೆಯ ಹೊದಿಕೆಯ ಮೇಲೂ ಎಡ್ಡಿ ಎಂಬ ಬೇತಾಳದ ಚಿತ್ರ. ಒಳಗಿನ ಹಾಡುಗಳಲ್ಲಿ ಕ್ರಿಮಿಯಾ ಯುದ್ಧದ ಕುದುರೆಸವಾರರು, ಈಜಿಪ್ಟಿನ ಫೆರೋಗಳು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಪಾಠವಾಗುವ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕವನವನ್ನು 1984ರಲ್ಲಿ ಹದಿಮೂರು ನಿಮಿಷಕ್ಕೂ ಮಿಕ್ಕಿದ ಹಾಡಾಗಿ ಅವರು ಕಟ್ಟಿದ್ದಾರೆ. ಕಾವ್ಯವಾಚನವನ್ನು ಗಮಕಿಗಳಿಗೆ ಬಿಟ್ಟುಕೊಟ್ಟು ಸುಮ್ಮನಾದ ನಮ್ಮಂಥ ಮೇಷ್ಟ್ರುಗಳು ಯೋಚಿಸಬೇಕಾದ ವಿಷಯ.

ಈ ಬಾಗಿಲುಗಳೆಲ್ಲ ಆ ದೇಶಗಳ ಕೇಳುಗರಿಗೆ ತೆರೆದಿದ್ದವು. ಬೆಂಗಳೂರಿನ ಹೊರವಲಯದಲ್ಲಿ ಅವುಗಳಲ್ಲಿ ಎಷ್ಟು ತೆರೆದಿದ್ದವು ಎಂಬುದೇ ನನ್ನ ವಿಷಯ.

ವೈಟ್‌ಫೀಲ್ಡಿನಿಂದ ಆರಂಭಿಸಬೇಕು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘಕ್ಕೆ ಕೊಟ್ಟರು; ಸಂಘದ ಮುಖಂಡ ವೈಟ್ ಅವರ ಹೆಸರಿನ ಹಳ್ಳಿ ಅಲ್ಲಿ ಎದ್ದಿತು. ಪಿಯಾನೊ, ಪಿಟೀಲು, ಗಿಟಾರುಗಳು ಮನೆಯ ಸಾಮಾನುಗಳಂತೆ ಇರುವ ಜನ ಅವರು. ಆದ್ದರಿಂದ ಪಶ್ಚಿಮದ ನೃತ್ಯಸಂಗೀತ ಬೆಂಗಳೂರಿನ ಹೊರವಲಯಕ್ಕೆ ರಾಕ್ ಹುಟ್ಟುವುದಕ್ಕಿಂತ ಬಹಳ ಮೊದಲೇ ಬಂದಿತ್ತು. ಸ್ವಾತಂತ್ರ್ಯಾನಂತರ ಇದೇ ಹಾದಿಯಲ್ಲಿ, ಹಳೆಯ ಮದರಾಸು ರಸ್ತೆಯ ಮೇಲೆ, 1948ರಲ್ಲಿ ಐ.ಟಿ.ಐ. ದೂರವಾಣಿ ಕಾರ್ಖಾನೆ ತಲೆಯೆತ್ತಿತು. ಊರಿನ ಇನ್ನೊಂದು ತುದಿಯ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಎಪ್ಪತ್ತರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗರ ಮುಂದಾಳ್ತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಹೀಗೆ ಊರಿನ ಸುತ್ತ ಕಾರ್ಖಾನೆಗಳ ಒಂದು ಉಡಿದಾರ ಕಟ್ಟಿದಂತಾಯಿತು. ಅದರೊಳಗೆ ತುಮಕೂರು, ಹಾಸನ, ಮಂಡ್ಯ, ಕೋಲಾರ ಮತ್ತು ಉತ್ತರ ಕರ್ನಾಟಕದಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನಾಲ್ಕೈದು ಮಂದಿ ಒಟ್ಟಾಗಿ ಬದುಕುವ ತರುಣರು ತುಂಬಿಕೊಂಡರು.

ಇವರಿಗೆ ಗ್ರಾಮಫೋನ್ ತಟ್ಟೆ ಕೊಳ್ಳುವ ಶಕ್ತಿ ಇರಲಿಲ್ಲ. ರೇಡಿಯೋ ಏನು ಕೊಟ್ಟಿತು ಎಂಬ ಮಾತನ್ನು ರೇಡಿಯೋದಲ್ಲೇ ಆಡುವಾಗ ನಾಲಗೆ ಸ್ವಲ್ಪ ತಡವರಿಸುತ್ತದೆ. ಐವತ್ತರ ದಶಕದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನೇ ದೂರವಿಟ್ಟಿತ್ತು. ಜನ ಸಿಲೋನ್ ರೇಡಿಯೋದತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧಭಾರತಿ ಬಂದ ಮೇಲೆ ಚಿತ್ರಗೀತೆಗೆ ಮನೆ ಸಿಕ್ಕಿತು. ಆದರೆ ಪಶ್ಚಿಮದ ಹೊಸ ಸಂಗೀತಕ್ಕೆ ಮೀಸಲಾದ ಸಮಯ ಅಲ್ಪವೇ ಆಗಿತ್ತು, ಅದನ್ನು ಕೇಳುತ್ತಿದ್ದವರು ಹೆಚ್ಚಾಗಿ ದಂಡುಪ್ರದೇಶದವರೇ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲೇ ‘ಹ್ಯೂಮನ್ ಬಾಂಡೇಜ್’ನಂಥ ಸಮರ್ಥ ಮೇಳಗಳು ಇದ್ದವು. ಅವುಗಳ ಹೆಸರು ಪೀಣ್ಯದವರೆಗೆ ಬರಲಿಲ್ಲ.

ಬಂದದ್ದು ಧ್ವನಿಸುರುಳಿ. ಎಂಬತ್ತರ ದಶಕದ ಕ್ಯಾಸೆಟ್ ಅಂಗಡಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಖಾಲಿ ಕ್ಯಾಸೆಟ್ ಒಂದನ್ನು ಕೊಟ್ಟು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನಗಳಲ್ಲಿ ತುಂಬಿಸಿಕೊಡುತ್ತಿದ್ದರು. ಕಾನೂನಿನ ದೃಷ್ಟಿಯಿಂದ ಅದು ಕಳ್ಳತನವೇ. ಅದರ ಪರಿಣಾಮ ಮಾತ್ರ ವಿಚಿತ್ರ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಆ ಕಾಲದ ಒಂದು ಗ್ರಾಮಫೋನ್ ತಟ್ಟೆಯ ಸಂಗೀತವೆಲ್ಲ ಒಂದು ಮಗ್ಗುಲಲ್ಲಿ ಹಿಡಿಯುತ್ತಿತ್ತು. ಆದ್ದರಿಂದ ಒಂದು ಕಡೆ ಡೀಪ್ ಪರ್ಪಲ್ ತುಂಬಿಸಿದವನು ಹಣ ವ್ಯರ್ಥವಾಗಬಾರದೆಂದು ಇನ್ನೊಂದು ಕಡೆ ಪಿಂಕ್ ಫ್ಲಾಯ್ಡ್ ತುಂಬಿಸುತ್ತಿದ್ದ. ಲಂಡನ್ನಿನಲ್ಲಿ ಪರಸ್ಪರ ಮುಖ ನೋಡದ ಅಭಿಮಾನಿಬಳಗಗಳ ಎರಡು ಮೇಳಗಳು ಇಲ್ಲಿ ಬೆನ್ನಿಗೆ ಬೆನ್ನು ಅಂಟಿಸಿಕೊಂಡು ಒಂದೇ ಡಬ್ಬಿಯಲ್ಲಿ ಮಲಗಿದವು. ಕ್ಯಾಸೆಟ್ ಮಗುಚಿದಾಗಲೆಲ್ಲ ಹೋಲಿಕೆ ತಾನಾಗಿಯೇ ಆಗುತ್ತಿತ್ತು. ಯಾವ ಮೇಳ ದೊಡ್ಡದು, ಯಾರ ಗಿಟಾರು ಮೇಲು ಎಂಬ ಚರ್ಚೆ ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಅಷ್ಟು ಬಿಸಿಯಾಗಿ ನಡೆದದ್ದಕ್ಕೆ ಈ ಎರಡು ಮಗ್ಗುಲಿನ ಏರ್ಪಾಟೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಪ್ರತಿಯ ಪ್ರತಿಯಲ್ಲಿ ಏನು ಉಳಿಯುತ್ತಿತ್ತು, ಏನು ಅಳಿಯುತ್ತಿತ್ತು ಎಂಬುದು. ಹೊದಿಕೆಯ ಚಿತ್ರ ಇಲ್ಲ. ಹಾಡಿನ ಸಾಹಿತ್ಯ ಇಲ್ಲ. ಹಾಡುವವರ ಮುಖ ಇಲ್ಲ. ಎಷ್ಟೋ ಸಲ ಹಾಡಿನ ಹೆಸರೂ ಇಲ್ಲ, ಇದ್ದರೂ ಬಾಲ್‌ಪೆನ್ನಿನಲ್ಲಿ ತಪ್ಪಾಗಿ ಬರೆದದ್ದು. ಮೂರನೆಯ, ನಾಲ್ಕನೆಯ ಪ್ರತಿಗೆ ಬರುವಷ್ಟರಲ್ಲಿ ಗಾಯಕನ ಉಚ್ಚಾರ ಹಿಸ್ಸೆಂಬ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಕಣ್ಣಿನ ಬಾಗಿಲು ಮುಚ್ಚಿತು, ಮಾತಿನ ಬಾಗಿಲೂ ಮುಚ್ಚಿತು. ಉಳಿದದ್ದು ಗಿಟಾರಿನ ಗಟ್ಟಿ ಪಲುಕು, ತಾಳದ ಪೆಟ್ಟು, ಒಟ್ಟಾರೆ ಒಂದು ಮೂಡು. ಬೀಟಲ್ಸಿನ ನಗುಮುಖಕ್ಕೂ ನಯವಾದ ಮಾತಿಗೂ ಇಂಥ ಹಾದಿಯಲ್ಲಿ ನಷ್ಟವೇ ಹೆಚ್ಚು. ಡೀಪ್ ಪರ್ಪಲ್, ‘ಬ್ಲ್ಯಾಕ್ ಸಬಾತ್’, ಪಿಂಕ್ ಫ್ಲಾಯ್ಡ್, ಆಮೇಲೆ ಐರನ್ ಮೇಡನ್, ‘ಮೆಟಾಲಿಕಾ’ ಇವುಗಳಿಗೆ ನಷ್ಟ ಕಡಿಮೆ. ಬೆಂಗಳೂರು ಭಾರದ ಸದ್ದಿನ ಊರೆಂದು ಹೆಸರಾದದ್ದಕ್ಕೆ ಹವಾಮಾನ, ಬಿಯರು ಮೊದಲಾದ ಕಾರಣಗಳನ್ನು ಕೊಡುವವರಿದ್ದಾರೆ. ಸಂಗೀತ ಬಂದ ಹಾದಿಯೇ ಸಂಗೀತವನ್ನು ಸೋಸಿತು ಎಂಬುದು ನನ್ನ ಅಭಿಪ್ರಾಯ. ಮೆಟಾಲಿಕಾದ ಚರಿತ್ರೆ ಇದಕ್ಕೆ ಬೆಂಬಲವಾಗಿದೆ. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಆ ಮೇಳ ಮುದ್ರಣ ಸಂಸ್ಥೆಯ ಆಶ್ರಯ ಸಿಗುವ ಮೊದಲೇ, 1982ರಲ್ಲಿ, ಅಭಿಮಾನಿಗಳು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಕ್ಯಾಸೆಟ್ಟುಗಳ ಮೂಲಕವೇ ಹೆಸರಾಯಿತು. ನಕಲಿನ ಹಾದಿಯಲ್ಲಿ ಹುಟ್ಟಿ ಬೆಳೆದದ್ದು ನಕಲಿನ ಊರಿನಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವೇನು?

ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನ ಹೇಳಿದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಟೂ-ಇನ್-ಒನ್ ಪೆಟ್ಟಿಗೆಯ ಧ್ವನಿಯಲ್ಲ, ನಿಜ. ಆದರೂ ಮಾತು ತಿಳಿಯದ ಕಡೆ ಭಾವ ತಲುಪುವುದು ಹೇಗೆಂಬ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಗೆ ಹೊರಗಿನದಲ್ಲ. ಸಂಜೆ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗ, ಹಗಲು ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸಿನ ಮುಂದೆ ನಿಲ್ಲುವವನು, ಬ್ಲ್ಯಾಕ್ ಸಬಾತಿನ ಕ್ಯಾಸೆಟ್ ಇಟ್ಟುಕೊಂಡಿದ್ದ. ಅರ್ಥವಾಗುತ್ತದೆಯೇ ಎಂದು ಕೇಳಿದೆ. ಮಾತು ಒಂದೂ ತಿಳಿಯದು, ಆದರೆ ಬೆಳಿಗ್ಗೆ ಮಿಷಿನ್ನು ಶುರುವಾಗುವ ಹಾಗಿದೆ ಎಂದ. ಸದ್ದು ಜಾಸ್ತಿಯಾದಾಗ ತಲೆ ಹಗುರಾಗುತ್ತದೆ ಎಂದೂ ಸೇರಿಸಿದ. ಕಲಿಯದೆಯೇ ಕಾವ್ಯದ ಮರ್ಮ ಬಲ್ಲ ಜನ ಕನ್ನಡನಾಡಿನವರೆಂದು ಕವಿರಾಜಮಾರ್ಗಕಾರ ಹೇಳಿದ್ದು ಅವನಂಥವರನ್ನು ನೋಡಿಯೇ ಇರಬೇಕು.

ಅವನಿಗೆ ತಿಳಿಯದಿದ್ದ ಒಂದು ಕಥೆ ಇದೆ. ಬ್ಲ್ಯಾಕ್ ಸಬಾತ್ ಹುಟ್ಟಿದ್ದು ಇಂಗ್ಲೆಂಡಿನ ಪೀಣ್ಯ ಎನ್ನಬಹುದಾದ ಬರ್ಮಿಂಗ್‌ಹ್ಯಾಮಿನಲ್ಲಿ, ಅದರ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಅದರ ಗಾಯಕ ಆಝಿ ಆಸ್‌ಬೋರ್ನ್ ತಾರುಣ್ಯದಲ್ಲಿ ಕಸಾಯಿಖಾನೆಯಲ್ಲಿಯೂ, ಕಾರಿನ ಹಾರನ್ನುಗಳಿಗೆ ಶ್ರುತಿ ಕೂಡಿಸುವ ಕಾರ್ಖಾನೆಯಲ್ಲಿಯೂ ದುಡಿದವನು. ಗಿಟಾರು ನುಡಿಸುವ ಟೋನಿ ಅಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿದ್ದ. ಅವನಿಗೆ ಹದಿನೇಳು ವರ್ಷ. ಸಂಗೀತಕ್ಕೆಂದು ಕೆಲಸ ಬಿಡುವ ಕೊನೆಯ ದಿನ. ಯಂತ್ರದ ಬಾಯಿಗೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿ ಹೋದವು. ಅವನು ಎಡಚ. ಆದ್ದರಿಂದ ತಂತಿಯನ್ನು ಒತ್ತಬೇಕಾದ ಕೈ ಬಲಗೈಯೇ. ಕಾರ್ಖಾನೆಯ ಮೇಲ್ವಿಚಾರಕರು ಅವನಿಗೆ ಜ್ಯಾಂಗೋ ರೈನ್‌ಹಾರ್ಟ್ ಎಂಬ ವಾದಕನ ತಟ್ಟೆಯನ್ನು ಕೇಳಿಸಿ, ಈತ ಬೆಂಕಿಯಲ್ಲಿ ಎರಡು ಬೆರಳು ಸುಟ್ಟುಕೊಂಡವನೆಂದು ಹೇಳಿ ಧೈರ್ಯ ತುಂಬಿದರು. ಹುಡುಗ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಹಳೆಯ ಚರ್ಮದ ಅಂಗಿಯ ತುಂಡನ್ನು ಅದರ ಮೇಲೆ ಅಂಟಿಸಿದ, ನೋಯದಿರಲೆಂದು ತೆಳು ತಂತಿಗಳನ್ನು ಕಟ್ಟಿದ. ಕೆಲವು ವರ್ಷಗಳ ಮೇಲೆ ತಂತಿಗಳ ಬಿಗಿಯನ್ನೇ ಇಳಿಸಿದಾಗ ಶ್ರುತಿ ತಗ್ಗಿ ಸದ್ದು ಇನ್ನಷ್ಟು ಭಾರವಾಯಿತು. ಜಗತ್ತು ಹೆವಿ ಮೆಟಲ್ ಎಂದು ಕರೆಯುವ ಸಂಗೀತದ ಭಾರಕ್ಕೆ ಹೀಗೆ ಒಂದು ಯಂತ್ರದ ಗಾಯವೂ ಕಾರಣವಾಯಿತು. ಪೀಣ್ಯದಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟವರನ್ನು ನಾನು ಬಲ್ಲೆ. ಹಾಜರಿ ಕೂಗಿದಾಗ ಎತ್ತಿದ ಕೈಯಲ್ಲಿ ಬೆರಳು ಕಡಿಮೆ ಇರುವುದನ್ನು ಕಂಡು ಕಣ್ಣು ತಗ್ಗಿಸಿದ ದಿನಗಳಿವೆ.

ಆ ಮೇಳದ ಮೊದಲ ಮುದ್ರಿಕೆ ಹೊರಬಂದದ್ದು 1970ರ ಫೆಬ್ರವರಿ 13ರಂದು. ಬಹುಮಟ್ಟಿಗೆ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು. ವಿಮರ್ಶಕರು ಅದನ್ನು ಹೀನಾಯವಾಗಿ ಜರೆದರು. ಕೇಳುಗರು ಅದನ್ನು ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಏರಿಸಿದರು. ಪತ್ರಿಕೆ ಓದದವರು ಗೆಲ್ಲಿಸಿದ ಸಂಗೀತವೆಂದು ಇದನ್ನು ಕರೆಯಬಹುದು. 2025ರ ಜುಲೈ 5ರಂದು ಅದೇ ಆಸ್ಟನ್ನಿನ ಫುಟ್‌ಬಾಲ್ ಮೈದಾನದಲ್ಲಿ ಕೊನೆಯ ಕಛೇರಿ ನಡೆಸಿ, ಹದಿನೇಳು ದಿನಗಳ ಮೇಲೆ ಆಸ್‌ಬೋರ್ನ್ ತೀರಿಕೊಂಡ. ಆ ವಾರ ಜಾಲಹಳ್ಳಿ ಕ್ರಾಸಿನ ಬಳಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೇ ಒಂದು ಸಣ್ಣ ವರ್ಕ್‌ಷಾಪಿನ ಮಾಲೀಕ, ಆ ಸುದ್ದಿಯನ್ನು ಬಂಧುವೊಬ್ಬರು ಹೋದಂತೆ ಹೇಳಿದ.

ಈಗ ಇದೇ ವಲಯದ ಇನ್ನೊಂದು ಸಂಗೀತಕ್ಕೆ ಬರಬೇಕು. ವೈಟ್‌ಫೀಲ್ಡಿನ ಹಾದಿಯಲ್ಲಿರುವ ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದವರೊಬ್ಬರು ಕನ್ನಡ ಭಾವಗೀತೆಯ ಧ್ವನಿಯನ್ನೇ ಬದಲಿಸಿದರು. ಅವರೇ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್. ಬರ್ಮಿಂಗ್‌ಹ್ಯಾಮಿನ ಹುಡುಗರು ಕಾರ್ಖಾನೆ ಬಿಟ್ಟು ಸಂಗೀತಕ್ಕೆ ಹೋದರು. ಇವರು ಕಾರ್ಖಾನೆಯಲ್ಲಿ ಇದ್ದುಕೊಂಡೇ ಸಂಗೀತ ಕಟ್ಟಿದರು. ಸರ್ಕಾರಿ ಕಾರ್ಖಾನೆಗಳ ಕನ್ನಡ ಸಂಘಗಳು, ಗಣೇಶೋತ್ಸವ, ನವೆಂಬರ್ ತಿಂಗಳ ಪೆಂಡಾಲುಗಳು, ಇವು ಆ ಕಾಲದ ಸುಗಮ ಸಂಗೀತಕ್ಕೆ ಸಿಕ್ಕ ದೊಡ್ಡ ವೇದಿಕೆಗಳು. ಇಲ್ಲಿ ಒಲವು ಹುಟ್ಟಿದ ಕ್ರಮ ರಾಕ್ ಸಂಗೀತಕ್ಕೆ ಸಂಪೂರ್ಣ ತಿರುಗುಮುರುಗು. ಕೆ.ಎಸ್. ನರಸಿಂಹಸ್ವಾಮಿಯವರ, ಬೇಂದ್ರೆಯವರ, ಕುವೆಂಪು ಅವರ ಪದ್ಯಗಳು ಕೇಳುಗನಿಗೆ ಶಾಲೆಯಲ್ಲೇ ಬಾಯಿಗೆ ಬಂದಿದ್ದವು. ಮಾತು ಮೊದಲು ಬಂದಿತ್ತು; ಧಾಟಿ ಹಿಂದಿನಿಂದ ಬಂದು ಅದನ್ನು ಅಪ್ಪಿಕೊಂಡಿತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದಾಗ ಆದದ್ದೂ ಇದೇ. ಇದೇ ಅಗ್ಗದ ಪ್ಲಾಸ್ಟಿಕ್ ಡಬ್ಬಿ, ಇದೇ ಟೇಪ್ ರೆಕಾರ್ಡರು. ಒಂದರೊಳಗೆ ಮಾತಿಲ್ಲದ ಸದ್ದು, ಇನ್ನೊಂದರೊಳಗೆ ಸದ್ದಿಗಾಗಿ ಕಾದಿದ್ದ ಮಾತು.

ಈ ಎರಡರ ನಡುವೆ ಗೋಡೆ ಇತ್ತು, ಮತ್ತು ಅದನ್ನು ಎತ್ತರಿಸಿದವರಲ್ಲಿ ವಿದ್ಯಾವಂತರ ಪಾಲು ದೊಡ್ಡದು. ಗಿಟಾರು ಕಂಡರೆ ಸಂಸ್ಕೃತಿ ಕೆಟ್ಟಿತೆಂಬ ಭಾವನೆ ಅಧ್ಯಾಪಕ ವಲಯದಲ್ಲಿ ಬಲವಾಗಿತ್ತು. ಅದನ್ನು ನಾನು ಅಂದೂ ಒಪ್ಪಲಿಲ್ಲ. ಬಿ.ಎಂ.ಶ್ರೀ. ಅವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿ ಪರದೇಶದ ಲಯಗಳನ್ನು ಕನ್ನಡಕ್ಕೆ ಒಗ್ಗಿಸಿದ್ದನ್ನು ಕೊಂಡಾಡುವವರು, ಪರದೇಶದ ವಾದ್ಯವನ್ನು ಮಾತ್ರ ಹೊಸ್ತಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ? ಜನಪ್ರಿಯ ಕಲೆ ಈ ತಂಟೆಗೆ ಹೋಗಲಿಲ್ಲ. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರದ ನಾಯಕ ವೇದಿಕೆಯ ಗಾಯಕ. ಸಂಗೀತ ಇಳಯರಾಜಾ ಅವರದು. ಹೊರವಲಯದ ಟೂರಿಂಗ್ ಟಾಕೀಸುಗಳಲ್ಲಿ ಆ ಚಿತ್ರ ನೋಡಿದ ಎಷ್ಟೋ ಹುಡುಗರಿಗೆ ಕನ್ನಡದ ಬಾಯಿ ಮತ್ತು ವಿದ್ಯುತ್ ಗಿಟಾರು ಒಂದೇ ದೇಹದಲ್ಲಿ ಕಂಡದ್ದು ಅದೇ ಮೊದಲು. ಮಾರನೆಯ ವರ್ಷದ ಗಣೇಶನ ಮುಂದೆ ಆರ್ಕೆಸ್ಟ್ರಾದವರಿಗೆ ಆ ಹಾಡುಗಳ ಚೀಟಿಗಳೇ ಹೆಚ್ಚು ಬರುತ್ತಿದ್ದವು.

ತೊಂಬತ್ತರ ದಶಕದ ಉಪಗ್ರಹ ದೂರದರ್ಶನ, 1998ರಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಐ.ಟಿ.ಪಿ.ಎಲ್., 2001ರ ಖಾಸಗಿ ಎಫ್.ಎಂ. ಇವುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಹಳೆಯ ಕ್ಯಾಸೆಟ್ ಕೇಳುಗರ ತಮ್ಮಂದಿರೂ ಮಕ್ಕಳೂ ಇಂಜಿನಿಯರಿಂಗ್ ಓದಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕಂಪನಿ ಬಸ್ಸು ಹತ್ತಿದರು. ಟಿಕೆಟ್ ಕೊಳ್ಳುವ ಹಣ ಒಂದು ಊರಿನಲ್ಲಿ ಸೇರಿದಾಗ ಮೇಳಗಳು ತಾವಾಗಿಯೇ ಬಂದವು: 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್, ಆಮೇಲೆ ಮೊದಲು ಹೇಳಿದವು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ಎರಡು ದಿನ ಮೊದಲು ನಡೆಯಬೇಕಿದ್ದ ಮೆಟಾಲಿಕಾ ಕಛೇರಿ ರದ್ದಾಗಿತ್ತು. ಬೆಂಗಳೂರಿನಲ್ಲಿ ಸಾಂಗವಾಗಿ ನೆರವೇರಿತು. ಆ ಜನಸಾಗರದಲ್ಲಿ ಪೀಣ್ಯದ ಪ್ರೆಸ್ ಷಾಪಿನ ಹುಡುಗ ಎಷ್ಟರಮಟ್ಟಿಗೆ ಇದ್ದ ಎಂದು ಕೇಳಿದರೆ ಉತ್ತರ ಸಂತೋಷ ಕೊಡುವಂಥದ್ದಲ್ಲ. ಅವನು ಗೆದ್ದುಕೊಟ್ಟ ಸಂಗೀತ ಊರಿಗೆ ಬಂದಾಗ ಅದರ ಬಾಗಿಲಿನ ಬೆಲೆ ಅವನ ತಿಂಗಳ ಬಾಡಿಗೆಯನ್ನು ಮುಟ್ಟಿತ್ತು.

ಕನ್ನಡದ ಒಳಗೆ ಗೋಡೆ ಬಿರುಕು ಬಿಟ್ಟದ್ದೂ ಇದೇ ವರ್ಷಗಳಲ್ಲಿ. ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದ ರಘು ದೀಕ್ಷಿತ್, ಬೆಂಗಳೂರಿನಲ್ಲಿ ನೆಲೆಸಿ, ತಮ್ಮ ಮೇಳದ ಮೊದಲ ಧ್ವನಿಮುದ್ರಿಕೆಯಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನು ಗಿಟಾರು, ಡ್ರಮ್ಮುಗಳ ಮೇಲೆ ಕೂರಿಸಿದರು. ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ ಮೇಳದ ಮುದ್ರಿಕೆ 2009ರಲ್ಲಿ ಬಂದಿತು. ಷರೀಫರನ್ನು ಇವರಿಗೆ ಮೊದಲು ನಾಡಿನ ಕಿವಿಗೆ ಮುಟ್ಟಿಸಿದವರು ಅಶ್ವಥ್ ಅವರೇ. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಕೇಳುವ ಆ ಒಡೆದ ಎದೆಯ ಕಂಠವನ್ನು ಯಾರು ಮರೆತಾರು? ಆದ್ದರಿಂದ ಎಲೆಕ್ಟ್ರಾನಿಕ್ ಸಿಟಿಯ ಕನ್ನಡ ಹುಡುಗ ಈ ಹೊಸ ಹಾಡನ್ನು ಮೊದಲ ಸಲ ಕೇಳಿದಾಗ ಅವನಿಗೆ ಅರ್ಧ ಹಾಡು ಮೊದಲೇ ಬರುತ್ತಿತ್ತು. ಮಾತನ್ನು ಅಪ್ಪನ ಕ್ಯಾಸೆಟ್ಟಿನಿಂದಲೂ ಸದ್ದನ್ನು ಅಣ್ಣನ ಕ್ಯಾಸೆಟ್ಟಿನಿಂದಲೂ ಅವನು ಕಲಿತಿದ್ದ. ಎಲ್ಲ ಪ್ರಯೋಗಗಳೂ ಫಲಿಸಿವೆ ಎನ್ನಲಾರೆ. ಷರೀಫರ ಪದಕ್ಕೆ ನಡುವೆ ಬಿಡುವು ಬೇಕು. ಡ್ರಮ್ಮು ಆ ಬಿಡುವನ್ನು ನುಂಗಿದಾಗ ಅನುಭಾವ ಹೋಗಿ ಕುಣಿತ ಮಾತ್ರ ಉಳಿಯುತ್ತದೆ. ಕುಣಿತವೂ ಬೇಕಾದದ್ದೇ ಎಂದು ವಾದಿಸುವವರೊಡನೆ ಜಗಳವಾಡುವ ವಯಸ್ಸು ನನ್ನದಲ್ಲ.

ಈಚೆಗೆ ಸರಕು ತಿರುಗಿ ಹೋಗುವುದೂ ಆರಂಭವಾಗಿದೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟಾಸ್’ ಎಂಬ ಹೆವಿ ಮೆಟಲ್ ಮೇಳ 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಜಾತ್ರೆಯಲ್ಲಿ ನುಡಿಸಿತು.  ಅವರ ಹಾಡು ಇಂಗ್ಲಿಷಿನಲ್ಲಿ. ರಘು ದೀಕ್ಷಿತರ ಮೇಳ 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆಯಿತು. ಬ್ರಿಟನ್ನಿನ ಬೇಸಿಗೆಯ ಬಯಲುಸಭೆಗಳಲ್ಲಿ ಕನ್ನಡದ ಒಂದಕ್ಷರ ಬಾರದವರು ಅವರ ಹಾಡಿಗೆ ಕೈಯೆತ್ತಿ ಕುಣಿಯುತ್ತಾರೆ. ಗುಡುಗುಡಿ ಎಂದರೆ ಹೊಗೆ ಸೇದುವ ಕೊಳವೆ, ಅದನ್ನು ಷರೀಫರು ದೇಹಕ್ಕೆ ಹೋಲಿಸಿ ಹಾಡಿದ್ದಾರೆ ಎಂಬುದು ಆ ಜನಕ್ಕೆ ತಿಳಿಯದು. ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದು ಹಾಡುವವರ ಪಾಲಿಗೆ ಬರುತ್ತದೆ, ತಂತಿಗೆ ಶ್ರುತಿ ಮಾಡಿಕೊಳ್ಳುತ್ತಾ, ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ.